ಕಸಿಯಾದ ಶ್ವಾಸಕೋಶ ಮತ್ತು ತಾಯ್ತನದ ಆಸೆ

ಮೇ 31ರಂದು ನಾವು ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂದರ್ಶಿಸಿದ ಹಬ್ಬವನ್ನು ಆಚರಿಸುತ್ತೇವೆ. ಆ ದಿನದ ಪ್ರಬೋಧನೆಯಲ್ಲಿ ಗರ್ಭಿಣಿಯರ ವಿಷಯ ಬಾರದೆ ಇರುವುದಿಲ್ಲ. ಬಲಿಪೂಜೆ ಮುಗಿದ ಮೇಲೆ ಮಕ್ಕಳಿಲ್ಲದ ಸೊಸೆಯರನ್ನು ಆಶೀರ್ವಾದಕ್ಕೆಂದು ಕರೆತರುವ ಅತ್ತೆಯಂದಿರೂ ಕಡಿಮೆಯಿಲ್ಲ. ಈಚಿನ ವರ್ಷಗಳಲ್ಲಿ ಅಂಥ ಕುಟುಂಬಗಳಿಂದ ಹಿಂದೆ ಎಂದೂ ಕೇಳದಿದ್ದ ಒಂದು ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತಿದೆ: "ಫಾದರ್, ಇವಳಿಗೆ ಶ್ವಾಸಕೋಶದ ಕಸಿಯಾಗಿ ಮೂರು ವರ್ಷ ಆಯಿತು. ಮೆಟ್ಟಿಲು ಹತ್ತುತ್ತಾಳೆ, ಅಡುಗೆ ಮಾಡುತ್ತಾಳೆ, ಆಮ್ಲಜನಕದ ಸಿಲಿಂಡರ್ ಮನೆಯಿಂದ ಹೋಯಿತು. ಇನ್ನು ಮಗುವಿಗೆ ಏನು ಅಡ್ಡಿ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ದೇವಾಲಯದ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರಿಸುವಂಥದ್ದಲ್ಲ. ಚೆನ್ನೈ, ಹೈದರಾಬಾದ್, ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗಿ ಶ್ವಾಸಕೋಶ ಕಸಿ ಮಾಡಿಸಿಕೊಂಡು ಬಂದ ಕುಟುಂಬಗಳು ಈಗ ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಅದರಲ್ಲೂ 2020 ಮತ್ತು 2021ರ ಕೋವಿಡ್ ಹಾವಳಿಯಲ್ಲಿ ಶ್ವಾಸಕೋಶ ಪೂರ್ತಿ ಕೆಟ್ಟುಹೋದವರಲ್ಲಿ ಕೆಲವರಿಗೆ ಇದೇ ಕಡೆಯ ದಾರಿಯಾಗಿತ್ತು. ಅವರಲ್ಲಿ ಎಳೆಯ ವಯಸ್ಸಿನ ಹೆಣ್ಣುಮಕ್ಕಳೂ ಇದ್ದಾರೆ. ಆದ್ದರಿಂದ ವಿಷಯವನ್ನು ಕೊಂಚ ಬಿಡಿಸಿ ಹೇಳುವುದು ಒಳ್ಳೆಯದೆಂದು ನಮಗೆ ತೋರಿತು. ನಾವು ವೈದ್ಯರಲ್ಲ. ಇಲ್ಲಿರುವುದು ವೈದ್ಯರ ಸಲಹೆಗೆ ಬದಲಿಯೂ ಅಲ್ಲ. ಅವರ ಮುಂದೆ ಕುಳಿತಾಗ ಏನು ಕೇಳಬೇಕೆಂಬುದು ತಿಳಿದಿರಲಿ ಎಂದಷ್ಟೇ ಈ ಪ್ರಯತ್ನ.

ಮೊದಲನೆಯದಾಗಿ, ಕಸಿ ಎಂಬ ಮಾತೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ತೋಟದಲ್ಲಿ ಕಾಟುಮಾವಿನ ಸಸಿಗೆ ಒಳ್ಳೆಯ ಜಾತಿಯ ಕುಡಿಯನ್ನು ಕಟ್ಟುತ್ತೇವೆ. ಹಿಡಿಯುವುದಾದರೆ ಕೆಲವು ವಾರಗಳಲ್ಲಿ ಹಿಡಿಯುತ್ತದೆ, ಇಲ್ಲವಾದರೆ ಒಣಗುತ್ತದೆ. ಹಿಡಿದ ಮೇಲೆ ಕಟ್ಟು ಬಿಚ್ಚಿ ಮರೆತುಬಿಡಬಹುದು. ಆ ಮರ ಹಣ್ಣು ಕೊಡುವುದನ್ನು ಕಾಯುವುದಷ್ಟೇ ನಮ್ಮ ಕೆಲಸ. ಮನುಷ್ಯರ ಅಂಗದ ಕಸಿಯೂ ಹೀಗೆಯೇ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಇಲ್ಲಿ 'ಹಿಡಿಯಿತು, ಇನ್ನು ಚಿಂತೆಯಿಲ್ಲ' ಎನ್ನುವ ದಿನ ಬರುವುದೇ ಇಲ್ಲ. ಮೂರು ವರ್ಷವಾಗಲಿ, ಹದಿಮೂರು ವರ್ಷವಾಗಲಿ, ಆಕೆಯ ದೇಹಕ್ಕೆ ಆ ಶ್ವಾಸಕೋಶ ಪರರ ಸೊತ್ತೇ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಮೇಲೂ 'ಇದು ನನ್ನದು' ಎಂದು ತಿಳಿಸುವ ಗುರುತುಗಳಿರುತ್ತವೆ. ಬಿಳಿ ರಕ್ತಕಣಗಳು ಕಾವಲುಗಾರರಂತೆ ಸುತ್ತಾಡುತ್ತಾ ಈ ಗುರುತುಗಳನ್ನು ಪರೀಕ್ಷಿಸುತ್ತವೆ. ಬೇರೆ ಗುರುತು ಕಂಡರೆ, ಬಂದದ್ದು ರೋಗಾಣುವೋ ಪ್ರಾಣ ಉಳಿಸಿದ ಅಂಗವೋ ಎಂಬ ಭೇದ ಅವಕ್ಕಿಲ್ಲ, ದಾಳಿ ಮಾಡುತ್ತವೆ. ವೈದ್ಯರು ತಿರಸ್ಕಾರ ಎಂದು ಕರೆಯುವುದು ಇದನ್ನೇ.

ಈ ಮಾತಿನ ಸತ್ಯವನ್ನು ತೋರಿಸಲು ಒಂದು ಹಳೆಯ ಘಟನೆ ಸಾಕು. ಅಂಗಾಂಗ ಕಸಿಯ ನಂತರ ಮಗುವನ್ನು ಹೆತ್ತ ಮೊದಲ ಮಹಿಳೆ ಅಮೆರಿಕದ ಈಡಿತ್ ಹೆಲ್ಮ್. 1956ರಲ್ಲಿ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಡಾ. ಜೋಸೆಫ್ ಮುರ್ರೆಯವರು ಆಕೆಗೆ ಮೂತ್ರಪಿಂಡವನ್ನು ಕಸಿ ಮಾಡಿದರು. ಇದೇ ಮುರ್ರೆಯವರು 1954ರಲ್ಲಿ ಮೊದಲ ಯಶಸ್ವಿ ಮೂತ್ರಪಿಂಡ ಕಸಿಯನ್ನು ಮಾಡಿದವರು, 1990ರಲ್ಲಿ ನೊಬೆಲ್ ಪುರಸ್ಕಾರ ಪಡೆದವರು. ಶ್ರದ್ಧಾವಂತ ಕಥೋಲಿಕರು ಎಂಬುದನ್ನೂ ನಮ್ಮ ಓದುಗರಿಗೆ ಹೇಳಬಹುದು. 1958ರಲ್ಲಿ ಈಡಿತ್ ಹೆಲ್ಮ್ ಅವರಿಗೆ ಸಿಸೇರಿಯನ್ ಮೂಲಕ ಗಂಡುಮಗು ಹುಟ್ಟಿತು. ಆಕೆ 2011ರವರೆಗೂ ಬದುಕಿದ್ದರು. ಇಷ್ಟು ಕೇಳಿ, ಹಾಗಾದರೆ ಭಯವೇನು ಎಂದು ಯಾರಾದರೂ ಅನ್ನಬಹುದು. ಗುಟ್ಟು ಇರುವುದು ಮೂತ್ರಪಿಂಡವನ್ನು ಕೊಟ್ಟವರಲ್ಲಿ. ಕೊಟ್ಟದ್ದು ಆಕೆಯ ತದ್ರೂಪಿ ಅವಳಿ ಸಹೋದರಿ. ಇಬ್ಬರ ಗುರುತುಗಳೂ ಒಂದೇ. ಕಾವಲುಗಾರರಿಗೆ ಹೊರಗಿನವರು ಬಂದದ್ದೇ ಗೊತ್ತಾಗಲಿಲ್ಲ. ನಮ್ಮ ಸೊಸೆಯಂದಿರಿಗೆ ಶ್ವಾಸಕೋಶ ಬಂದಿರುವುದು ಮುಖ ನೋಡಿರದ, ಮೆದುಳು ನಿಷ್ಕ್ರಿಯವಾದ ಒಬ್ಬ ಅಪರಿಚಿತ ದಾನಿಯಿಂದ. ಎರಡಕ್ಕೂ ಅಜಗಜಾಂತರವಿದೆ.

ಅಪರಿಚಿತರ ಶ್ವಾಸಕೋಶ ಉಳಿಯಬೇಕಾದರೆ ಕಾವಲುಗಾರರನ್ನು ಔಷಧದಿಂದ ಮಂಕುಗೊಳಿಸಬೇಕು. ಅಂಥ ಸಮರ್ಥ ಔಷಧ ಇಲ್ಲದಿದ್ದ ಕಾಲದಲ್ಲಿ, 1963ರಲ್ಲಿ, ಅಮೆರಿಕದ ಮಿಸಿಸಿಪ್ಪಿಯಲ್ಲಿ ಡಾ. ಜೇಮ್ಸ್ ಹಾರ್ಡಿಯವರು ಮನುಷ್ಯನಿಗೆ ಮಾಡಿದ ಮೊದಲ ಶ್ವಾಸಕೋಶ ಕಸಿಯಲ್ಲಿ ರೋಗಿ ಬದುಕಿದ್ದು 18 ದಿನ ಮಾತ್ರ. ಮುಂದೆ ನಾರ್ವೆ ದೇಶದ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ಎಂಬ ಔಷಧ ಬಂತು. 1983ರಲ್ಲಿ ಕೆನಡಾದ ಟೊರಾಂಟೊದಲ್ಲಿ ಡಾ. ಜೋಯೆಲ್ ಕೂಪರ್ ಅವರ ತಂಡ ಮಾಡಿದ ಕಸಿಯಿಂದ ಒಬ್ಬ ರೋಗಿ ಆರು ವರ್ಷಕ್ಕೂ ಮಿಕ್ಕಿ ಬದುಕಿದ. ಈಗ ಹೆಚ್ಚಾಗಿ ಬಳಸುವುದು ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಟ್ಯಾಕ್ರೋಲಿಮಸ್. ಅದರ ಜೊತೆಗೆ ಮೈಕೋಫೆನೊಲೇಟ್ ಅಥವಾ ಅಜಥಯೋಪ್ರಿನ್, ಮತ್ತು ಒಂದು ಸ್ಟೀರಾಯ್ಡ್. ಹೆಸರುಗಳು ನಾಲಗೆಗೆ ಕಷ್ಟ, ಆದರೆ ಈ ಮನೆಗಳಲ್ಲಿ ಎಲ್ಲರಿಗೂ ಅವು ಬಾಯಿಪಾಠ.

ಉಳಿದ ಅಂಗಗಳಿಗಿಂತ ಶ್ವಾಸಕೋಶದಲ್ಲಿ ತಿರಸ್ಕಾರದ ಭಯ ಹೆಚ್ಚು ಏಕೆ? ಮೂತ್ರಪಿಂಡ, ಯಕೃತ್ತು, ಹೃದಯ ಇವೆಲ್ಲ ದೇಹದೊಳಗೆ ಮುಚ್ಚಿಟ್ಟ ಅಂಗಗಳು. ಶ್ವಾಸಕೋಶ ಮಾತ್ರ ಬೀದಿಗೆ ಬಾಗಿಲು ತೆರೆದ ಮನೆ. ಪ್ರತಿ ಉಸಿರಿನಲ್ಲೂ ಧೂಳು, ಹೊಗೆ, ವೈರಸ್ಸು ನೇರವಾಗಿ ಒಳಗೆ ಬರುತ್ತವೆ. ಅದಕ್ಕಾಗಿ ಅಲ್ಲಿ ಕಾವಲುಗಾರರ ಸಂಖ್ಯೆಯೂ ಹೆಚ್ಚು, ಅವರು ರೊಚ್ಚಿಗೇಳುವುದೂ ಬೇಗ. ಒಂದು ಸಾಮಾನ್ಯ ಶೀತಜ್ವರವೂ ತಿರಸ್ಕಾರಕ್ಕೆ ಕಿಡಿ ಹಚ್ಚಬಹುದು. ದಿಢೀರನೆ ಬರುವ ತಿರಸ್ಕಾರವನ್ನು ದೊಡ್ಡ ಪ್ರಮಾಣದ ಸ್ಟೀರಾಯ್ಡಿನಿಂದ ಸಾಮಾನ್ಯವಾಗಿ ತಡೆಯುತ್ತಾರೆ. ಆದರೆ ಅದು ಬಂದುಹೋದ ಕಡೆ ಮುಂದೆ ನಿಧಾನದ ತಿರಸ್ಕಾರ ಬೇರೂರುವ ಸಂಭವ ಹೆಚ್ಚು. ಅದರಲ್ಲಿ ಸಣ್ಣ ಉಸಿರುನಾಳಗಳು ಕಲೆಗಟ್ಟಿ ಮುಚ್ಚಿಕೊಳ್ಳುತ್ತವೆ. ಹೀಗೆ ಮುಚ್ಚಿದ್ದನ್ನು ಮತ್ತೆ ತೆರೆಯುವ ಔಷಧ ಇನ್ನೂ ಇಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಇದು ಕಾಣಿಸಿಕೊಳ್ಳುತ್ತದೆ. 2010ರ ದಶಕದಲ್ಲಿ ಶ್ವಾಸಕೋಶ ಕಸಿ ಮಾಡಿಸಿಕೊಂಡವರ ಅಂತರರಾಷ್ಟ್ರೀಯ ದಾಖಲೆಯ ಪ್ರಕಾರ ಅರ್ಧದಷ್ಟು ಮಂದಿ ಆರೂವರೆ ವರ್ಷಕ್ಕೂ ತುಸು ಹೆಚ್ಚು ಬದುಕಿದ್ದಾರೆ. ಈ ಮಾತು ಕಹಿ. ಆದರೆ ಮಗುವಿನ ವಿಷಯವನ್ನು ತೀರ್ಮಾನಿಸುವ ಗಂಡ-ಹೆಂಡತಿಗೆ ಇದನ್ನು ಮುಚ್ಚಿಡುವುದು ಕರುಣೆಯಲ್ಲ.

ಈಗ ಗರ್ಭದ ವಿಷಯಕ್ಕೆ ಬರೋಣ. ಕೆಲವರು ಬಹಳ ಜಾಣತನದಿಂದ ಒಂದು ವಾದ ಹೂಡುತ್ತಾರೆ: "ಮಗುವಿನ ಅರ್ಧ ಅಂಶ ತಂದೆಯದು, ಅಂದರೆ ತಾಯಿಗೆ ಪರಕೀಯ. ಆದರೂ ತಾಯಿಯ ದೇಹ ಅದನ್ನು ಒಂಬತ್ತು ತಿಂಗಳು ಹೊರುತ್ತದೆ. ಹಾಗಾದರೆ ಗರ್ಭಿಣಿಯ ದೇಹದ ಸಿಟ್ಟು ತಣ್ಣಗಾಗಿರುತ್ತದೆ, ಶ್ವಾಸಕೋಶಕ್ಕೂ ಅದು ಒಳ್ಳೆಯದೇ ಅಲ್ಲವೇ?" ಈ ಸೋಜಿಗವನ್ನು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡವಾರ್ 1953ರಲ್ಲಿಯೇ ಪ್ರಶ್ನೆಯಾಗಿ ಎತ್ತಿದ್ದರು. ಅದಕ್ಕೆ ಮುಂದೆ ಸಿಕ್ಕ ಉತ್ತರದ ತಿರುಳು ಇಷ್ಟು: ಮಾಸುವಿನ ಹೊರಪದರದ ಜೀವಕೋಶಗಳು ಎಂದಿನ ಗುರುತುಗಳನ್ನು ತೋರಿಸದೆ ಮರೆಸಿಕೊಳ್ಳುತ್ತವೆ, ಗರ್ಭಕೋಶದ ಆಸುಪಾಸಿನಲ್ಲಿ ಕಾವಲುಗಾರರನ್ನು ಸಮಾಧಾನಪಡಿಸುವ ಏರ್ಪಾಡೂ ಇದೆ. ಇದು ಮುಖ್ಯವಾಗಿ ಆ ಬಾಗಿಲಿನಲ್ಲಿ ಕೊಟ್ಟ ವಿನಾಯಿತಿ. ಎದೆಗೂಡಿನಲ್ಲಿರುವ ದಾನಿಯ ಶ್ವಾಸಕೋಶಕ್ಕೆ ಅದು ರಕ್ಷಣೆ ಕೊಡುವುದಿಲ್ಲ. ಅಷ್ಟೇ ಅಲ್ಲ, ಗರ್ಭದಲ್ಲಿ ಶಿಶುವಿನ ಕೆಲವು ಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ತಂದೆಯ ಗುರುತುಗಳ ವಿರುದ್ಧ ತಾಯಿಯಲ್ಲಿ ಪ್ರತಿಕಾಯಗಳು ಹುಟ್ಟಬಹುದು. ಹೆತ್ತ ಹೆಂಗಸರ ರಕ್ತದಲ್ಲಿ ಇಂಥ ಪ್ರತಿಕಾಯಗಳಿರುವುದು 1958ರಲ್ಲೇ ತಿಳಿದುಬಂತು. ದಾನಿಯ ಗುರುತು ತಂದೆಯ ಗುರುತನ್ನು ಹೋಲುವಂತಿದ್ದರೆ, ಆ ಪ್ರತಿಕಾಯಗಳು ಶ್ವಾಸಕೋಶದ ಮೇಲೂ ತಿರುಗಿ ಬೀಳಬಹುದು.

ಇದಕ್ಕಿಂತ ದೊಡ್ಡ ಅಪಾಯ ತೀರ ಸಾದಾ ಕಾರಣದಿಂದ ಬರುತ್ತದೆ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಯಕೃತ್ತು ಔಷಧವನ್ನು ಮೊದಲಿಗಿಂತ ಬೇಗ ಕರಗಿಸಿ ಹಾಕುತ್ತದೆ. ಅಂದರೆ ಆಕೆ ಅದೇ ಮಾತ್ರೆಯನ್ನು ಅದೇ ಹೊತ್ತಿಗೆ ತಪ್ಪದೆ ನುಂಗುತ್ತಿದ್ದರೂ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಮೇಲಿಂದ ಬಸುರಿಯ ವಾಂತಿ. ಬೆಳಗ್ಗೆ ಎಂಟಕ್ಕೆ ನುಂಗಿದ ಮಾತ್ರೆ ಎಂಟೂಕಾಲಿಗೆ ಹೊರಗೆ ಬಂದರೆ ಆ ಹೊತ್ತಿನ ರಕ್ಷಣೆ ಹೋಯಿತೆಂದೇ ಲೆಕ್ಕ. ಮತ್ತೊಂದು ಮಾತ್ರೆ ನುಂಗಬೇಕೋ ಬೇಡವೋ ಎಂಬುದನ್ನು ಮನೆಯವರು ಊಹಿಸಬಾರದು, ಕಸಿ ಕೇಂದ್ರಕ್ಕೆ ಫೋನ್ ಮಾಡಿ ಕೇಳಬೇಕು. ಈ ಕಾರಣಕ್ಕಾಗಿಯೇ ಗರ್ಭಾವಧಿಯಲ್ಲಿ ಪದೇ ಪದೇ ರಕ್ತ ಪರೀಕ್ಷೆ ಮಾಡಿ ಔಷಧದ ಪ್ರಮಾಣ ಹೆಚ್ಚಿಸುತ್ತಾರೆ. "ಹೊಟ್ಟೆಯಲ್ಲಿ ಮಗುವಿದೆ, ಇನ್ನೂ ಜಾಸ್ತಿ ಮಾತ್ರೆ ಕೊಡುತ್ತಾರಲ್ಲ, ಈ ಡಾಕ್ಟರಿಗೆ ಕರುಣೆಯಿಲ್ಲವೇ" ಎಂದು ಕೇಳಿದವರಿದ್ದಾರೆ. ಮಾತ್ರೆ ಹೆಚ್ಚಾದದ್ದು ಮಾತ್ರೆಯ ಡಬ್ಬಿಯಲ್ಲಿ. ರಕ್ತದಲ್ಲಿ ಅದು ಇರಬೇಕಾದಷ್ಟೇ ಇದೆ.

ಇನ್ನೊಂದು ತೊಡಕನ್ನು ಕುಟುಂಬದವರು ಚೆನ್ನಾಗಿ ತಿಳಿದಿರಬೇಕು, ಏಕೆಂದರೆ ಪ್ರಾಣ ಹೋಗುವುದೂ ಉಳಿಯುವುದೂ ಇಲ್ಲಿಯೇ. ತಿರಸ್ಕಾರದ ಮೊದಲ ಲಕ್ಷಣಗಳೇನು? ಏದುಸಿರು, ಸುಸ್ತು, ಸ್ವಲ್ಪ ಕೆಮ್ಮು. ಬಸುರಿಯ ಸಾಮಾನ್ಯ ಲಕ್ಷಣಗಳೇನು? ಏದುಸಿರು, ಸುಸ್ತು. ಪೂರ್ಣ ಆರೋಗ್ಯವಂತ ಗರ್ಭಿಣಿಯರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ಉಸಿರು ಸಾಲದ ಅನುಭವ ಆಗುತ್ತದೆ. ನಾಲ್ಕು ಹೆತ್ತ ಹಿರಿಯರು ಮನೆಯಲ್ಲಿದ್ದರೆ "ನನಗೂ ಹೀಗೇ ಆಗಿತ್ತು, ಮಲಗಿಕೋ, ಸರಿಹೋಗುತ್ತೆ" ಎಂದು ಹೇಳುವುದು ಸಹಜ. ಅವರ ಅನುಭವ ಸುಳ್ಳಲ್ಲ, ಆದರೆ ಅವರ ಎದೆಯಲ್ಲಿದ್ದದ್ದು ಅವರದೇ ಶ್ವಾಸಕೋಶ.

ಎರಡನ್ನೂ ಬೇರ್ಪಡಿಸಿ ಹೇಳುವ ಒಂದು ಸಣ್ಣ ಉಪಕರಣವಿದೆ. ಕಸಿಯಾದವರಲ್ಲಿ ಅನೇಕರ ಮನೆಯಲ್ಲಿ ಊದುವ ಯಂತ್ರ, ಅಂದರೆ ಕೈಯಲ್ಲಿ ಹಿಡಿಯುವ ಸ್ಪೈರೋಮೀಟರ್ ಇರುತ್ತದೆ. ಉಸಿರು ತುಂಬಿಕೊಂಡು ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಗರ್ಭ ಬೆಳೆದಂತೆ ವಪೆ ಮೇಲಕ್ಕೆ ಸರಿಯುತ್ತದೆ, ಉಸಿರು ಬಿಟ್ಟ ಮೇಲೆ ಒಳಗೆ ಉಳಿಯುವ ಗಾಳಿ ಕಡಿಮೆಯಾಗುತ್ತದೆ, ಹಾರ್ಮೋನಿನ ಪ್ರಭಾವದಿಂದ ಉಸಿರಾಟ ಆಳವಾಗುತ್ತದೆ. ಇಷ್ಟೆಲ್ಲ ಆದರೂ ಮೊದಲ ಸೆಕೆಂಡಿನ ಆ ಅಂಕೆ ಹೆಚ್ಚು ಕಡಿಮೆ ಮೊದಲಿನಂತೆಯೇ ಇರುತ್ತದೆ. ಆದ್ದರಿಂದ ಏದುಸಿರಿದ್ದೂ ಅಂಕೆ ಇಳಿದಿಲ್ಲವೆಂದರೆ ಅದು ಬಸುರಿನ ಸುಸ್ತಿರಬಹುದು. ಅಂಕೆ ಶೇಕಡಾ 10ರಷ್ಟು ಇಳಿಯಿತೆಂದರೆ, ಆಕೆಗೆ ಏನೂ ತೊಂದರೆ ಅನ್ನಿಸದಿದ್ದರೂ, ಅಂದೇ ಕಸಿ ಕೇಂದ್ರಕ್ಕೆ ತಿಳಿಸಬೇಕು. ತಿರಸ್ಕಾರವೋ ಸೋಂಕೋ ಎಂದು ಪತ್ತೆ ಹಚ್ಚಲು ಎದೆಯ ಎಕ್ಸ್‌-ರೇ, ಕೆಲವೊಮ್ಮೆ ನಾಳ ಇಳಿಸಿ ಬಯಾಪ್ಸಿ ಬೇಕಾಗುತ್ತದೆ. ಮಗುವಿಗೆ ತೊಂದರೆಯಾದೀತೆಂದು ಎಕ್ಸ್‌-ರೇ ಬೇಡವೆನ್ನುವ ಕುಟುಂಬಗಳಿವೆ. ಎದೆಯ ಒಂದು ಎಕ್ಸ್‌-ರೇಯಿಂದ ಗರ್ಭಕ್ಕೆ ತಲುಪುವ ವಿಕಿರಣ ಅತ್ಯಲ್ಪ. ಪತ್ತೆಯಾಗದ ತಿರಸ್ಕಾರ ತಾಯಿ ಮಗು ಇಬ್ಬರನ್ನೂ ಕೊಲ್ಲಬಲ್ಲದು. ಚಿಕಿತ್ಸೆಯ ಸ್ಟೀರಾಯ್ಡನ್ನು ಗರ್ಭಿಣಿಗೂ ಕೊಡಬಹುದು.

ಹಾಗಾದರೆ ಔಷಧದಿಂದ ಮಗುವಿಗೆ ಅಪಾಯವೇ ಇಲ್ಲವೇ? ಇದೆ, ಆದರೆ ಎಲ್ಲ ಔಷಧಗಳಿಂದಲೂ ಒಂದೇ ಬಗೆಯಲ್ಲ. ಟ್ಯಾಕ್ರೋಲಿಮಸ್, ಅಜಥಯೋಪ್ರಿನ್, ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಇವುಗಳೊಂದಿಗೆ ಮೂತ್ರಪಿಂಡ ಕಸಿಯಾದ ಸಾವಿರಾರು ಮಹಿಳೆಯರು ಮಕ್ಕಳನ್ನು ಹೆತ್ತಿದ್ದಾರೆ. ಮಕ್ಕಳು ಅವಧಿಗೆ ಮೊದಲು, ಕಡಿಮೆ ತೂಕದಲ್ಲಿ ಹುಟ್ಟುವುದು ಹೆಚ್ಚು, ತಾಯಿಗೆ ರಕ್ತದೊತ್ತಡ, ಸಕ್ಕರೆ ಏರುವುದೂ ಹೆಚ್ಚು, ಆದರೆ ಅಂಗವೈಕಲ್ಯ ಗಮನಾರ್ಹವಾಗಿ ಹೆಚ್ಚಿಲ್ಲ. ಮೈಕೋಫೆನೊಲೇಟ್ ಮಾತ್ರ ಬೇರೆ. ಅದನ್ನು ಸೇವಿಸುತ್ತಿರುವಾಗ ಗರ್ಭ ನಿಂತರೆ ಹತ್ತಿರ ಹತ್ತಿರ ಅರ್ಧದಷ್ಟು ಗರ್ಭಗಳು ಇಳಿದುಹೋಗುತ್ತವೆ. ಉಳಿದು ಹುಟ್ಟಿದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಿವಿ, ತುಟಿ, ಅಂಗುಳ ಮೊದಲಾದವುಗಳ ಹುಟ್ಟುದೋಷವಿರುತ್ತದೆ. ಶಿಲೀಂಧ್ರ ಸೋಂಕಿಗೆ ಕೊಡುವ ವೊರಿಕೊನಜೋಲ್ ಕೂಡ ಗರ್ಭಕ್ಕೆ ಒಳ್ಳೆಯದಲ್ಲ. ಆದ್ದರಿಂದ ಮಗು ಬೇಕೆನ್ನುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಗರ್ಭಕ್ಕೆ ಕನಿಷ್ಠ ಆರು ವಾರ ಮೊದಲೇ ಮೈಕೋಫೆನೊಲೇಟ್ ನಿಲ್ಲಿಸಿ ಅಜಥಯೋಪ್ರಿನ್‌ಗೆ ಬದಲಾಯಿಸುತ್ತಾರೆ. ವಾಸ್ತವದಲ್ಲಿ ಇನ್ನೂ ಕೆಲವು ತಿಂಗಳು ಕಾದು, ಹೊಸ ಔಷಧದಲ್ಲಿ ಶ್ವಾಸಕೋಶ ಸ್ಥಿರವಾಗಿ ನಿಂತಿದೆಯೇ ಎಂದು ನೋಡುತ್ತಾರೆ. ಈ ಬದಲಾವಣೆಯ ಅವಧಿಯೇ ತಿರಸ್ಕಾರಕ್ಕೆ ಒಂದು ಪರೀಕ್ಷೆ. ಕಸಿಯಾದ ಮೊದಲ ಒಂದೆರಡು ವರ್ಷಗಳಲ್ಲಂತೂ ಗರ್ಭ ಬೇಡವೆಂಬುದು ಸಾಮಾನ್ಯ ಸಲಹೆ. ಶ್ವಾಸಕೋಶದ ವಿಷಯದಲ್ಲಿ ಎರಡು ವರ್ಷ ಕಾಯಿರಿ ಎಂದು ಅನೇಕರು ಹೇಳುತ್ತಾರೆ.

ಯೋಜನೆಯಿಲ್ಲದೆ ಗರ್ಭ ನಿಂತುಬಿಟ್ಟರೆ? 'ಮಗುವಿಗಾಗಿ' ಎಂದು ಎಲ್ಲ ಮಾತ್ರೆಗಳನ್ನೂ ತಾನೇ ನಿಲ್ಲಿಸಿಬಿಡುವುದು ಒಬ್ಬ ತಾಯಿ ಮಾಡಬಹುದಾದ ಅತ್ಯಂತ ಅಪಾಯದ ಕೆಲಸ. ಮಾತ್ರೆ ನಿಂತರೆ ಕಾವಲುಗಾರರು ಎಚ್ಚರಗೊಳ್ಳುತ್ತಾರೆ. ಯಾವುದನ್ನು ಬದಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ಅಂದೇ ಕಸಿ ಕೇಂದ್ರದಿಂದ ಕೇಳಿ ತಿಳಿಯಬೇಕು.

ಇಲ್ಲಿ ನಮ್ಮ ಕಥೋಲಿಕ ಕುಟುಂಬಗಳಿಗೆ ಇನ್ನೊಂದು ಕಸಿವಿಸಿ ಇದೆ. ಈ ಔಷಧ ಕೊಡುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳುತ್ತಾರೆ. ಧರ್ಮಸಭೆಯ ಬೋಧನೆಯನ್ನು ಪಾಲಿಸುವ ದಂಪತಿಗಳು ವೈದ್ಯರ ಮುಂದೆ ತಲೆಯಾಡಿಸಿ ಬಂದು, ಮನೆಯಲ್ಲಿ ಏನೂ ಮಾಡದೆ ಸುಮ್ಮನಿರುವುದುಂಟು. ಇದು ಸರಿಯಲ್ಲ. ಆರನೇ ಪೌಲರ 1968ರ 'ಹುಮಾನೆ ವೀಟೆ' ವಿಶ್ವಪರಿಪತ್ರ ಜವಾಬ್ದಾರಿಯುತ ತಾಯ್ತಂದೆತನದ ಬಗ್ಗೆ ಸ್ಪಷ್ಟವಾಗಿ ಮಾತನಾಡುತ್ತದೆ. ಗಂಭೀರ ಕಾರಣವಿದ್ದರೆ ಕೆಲವು ಕಾಲವೋ ಅನಿರ್ದಿಷ್ಟ ಕಾಲವೋ ಮಗು ಬೇಡವೆಂದು ದಂಪತಿ ತೀರ್ಮಾನಿಸಬಹುದು, ಅದಕ್ಕೆ ಋತುಚಕ್ರದ ನೈಸರ್ಗಿಕ ಕ್ರಮವನ್ನು ಅನುಸರಿಸಬಹುದು. ಎರವಲು ಶ್ವಾಸಕೋಶಕ್ಕಿಂತ ಗಂಭೀರ ಕಾರಣ ನಮಗಂತೂ ಹೊಳೆಯುವುದಿಲ್ಲ. ಆದರೆ ನೈಸರ್ಗಿಕ ಕ್ರಮವನ್ನು ಕಲಿತವರಿಂದ ಕಲಿತು ಪಾಲಿಸಬೇಕು. ಕಸಿಯ ನಂತರ ಋತುಚಕ್ರ ಏರುಪೇರಾಗುವುದುಂಟು. ಪೂರ್ಣ ಸಂಯಮವನ್ನು ವೈದ್ಯರೂ ಒಪ್ಪುತ್ತಾರೆ. ಯಾವ ದಾರಿ ಹಿಡಿದಿದ್ದೀರೆಂದು ಅವರಿಗೆ ನಿಜವನ್ನೇ ಹೇಳಿ. ಅದನ್ನು ತಿಳಿದೇ ಅವರು ಔಷಧವನ್ನು ಆರಿಸಲು ಸಾಧ್ಯ. ಗರ್ಭ ನಿಂತ ಮೇಲೆ ಗರ್ಭಪಾತದ ಮಾತು ಬಂದಾಗ ಕುಟುಂಬ ಸಿಲುಕುವ ಸಂಕಟವನ್ನು ನೆನೆದರೆ, ಮಾತನಾಡಬೇಕಾದ ಕಾಲ ಅದಕ್ಕಿಂತ ಮೊದಲು ಎಂಬುದು ತಾನೇ ತಿಳಿಯುತ್ತದೆ.

ಮಕ್ಕಳನ್ನು ಹೆತ್ತವರು ಇದ್ದಾರೆಯೇ ಎಂದು ಕೇಳಿದರೆ, ಇದ್ದಾರೆ. ಆದರೆ ಅವರನ್ನು ಎಣಿಸಬಹುದು. 2019ರಲ್ಲಿ ಫ್ರಾನ್ಸಿನ ಹಲವು ಆಸ್ಪತ್ರೆಗಳು ಸೇರಿ ಪ್ರಕಟಿಸಿದ ವರದಿಯಲ್ಲಿ ಸಿಕ್ಕಿದ್ದು ಒಟ್ಟು 39 ಗರ್ಭಗಳು. ಅಮೆರಿಕದಲ್ಲಿ 1991ರಿಂದ ಕಸಿಯಾದ ಗರ್ಭಿಣಿಯರ ನೋಂದಣಿ ನಡೆಯುತ್ತಿದೆ. ಅದರಲ್ಲೂ ಮೂತ್ರಪಿಂಡದವರೇ ಬಹುಪಾಲು, ಶ್ವಾಸಕೋಶದವರು ಬೆರಳೆಣಿಕೆಯ ಸಾಲು. ಅಂಗಾಂಗ ಕಸಿಯಾದ ಗರ್ಭಿಣಿಯರನ್ನು ಹೋಲಿಸಿದಾಗ ಶ್ವಾಸಕೋಶದವರಲ್ಲಿಯೇ ತಿರಸ್ಕಾರ ಹೆಚ್ಚು ಕಂಡುಬಂದಿದೆ. ಹಾಗೆಂದು ಎಲ್ಲರಿಗೂ ಬಾಗಿಲು ಮುಚ್ಚಿಲ್ಲ. ತಿರಸ್ಕಾರ ಬಾರದೆ ವರ್ಷಗಳು ಕಳೆದಿರಬೇಕು, ಊದುವ ಅಂಕೆ ಸ್ಥಿರವಾಗಿರಬೇಕು, ದಾನಿಯ ವಿರುದ್ಧ ಪ್ರತಿಕಾಯ ಇರಬಾರದು, ಮೂತ್ರಪಿಂಡ ಮತ್ತು ರಕ್ತದೊತ್ತಡ ಹತೋಟಿಯಲ್ಲಿರಬೇಕು. ಅಂಥವರನ್ನು ಕಸಿ ವೈದ್ಯರೂ ಹೆರಿಗೆ ತಜ್ಞರೂ ಜೊತೆಯಾಗಿ ನೋಡಿಕೊಂಡರೆ ಮಗುವನ್ನು ಎತ್ತಿಕೊಳ್ಳುವ ಭಾಗ್ಯ ಒದಗಬಹುದು. ಈ ತೀರ್ಮಾನ ಆ ಹೆಣ್ಣುಮಗಳದು ಮತ್ತು ಆಕೆಯ ಗಂಡನದು. ಅತ್ತೆಯದಲ್ಲ, ನಾದಿನಿಯದಲ್ಲ, ಗುರುಗಳದಂತೂ ಅಲ್ಲ.

ಈ ಸಂದರ್ಭದಲ್ಲಿ ಸಂತ ಜಿಯಾನ್ನಾ ಅವರ ಹೆಸರನ್ನು ಎಳೆದು ತರುವವರಿಗೆ ಒಂದು ಮಾತು. 2004ರಲ್ಲಿ ಸಂತ ಪದವಿಗೇರಿದ ಇಟಲಿಯ ಜಿಯಾನ್ನಾ ಬೆರೆತ್ತಾ ಮೊಲ್ಲಾ ಸ್ವತಃ ವೈದ್ಯೆ. 1962ರಲ್ಲಿ ಮಗಳನ್ನು ಹೆತ್ತು ಒಂದು ವಾರಕ್ಕೆ ತೀರಿಕೊಂಡರು. ಆದರೆ ಅವರು ಚಿಕಿತ್ಸೆಯನ್ನೇ ಬಿಟ್ಟವರಲ್ಲ. ಗರ್ಭದಲ್ಲಿ ಆಗಲೇ ಮಗುವಿತ್ತು. ಗರ್ಭಕೋಶದ ಗೆಡ್ಡೆಯನ್ನು ಮಾತ್ರ ತೆಗೆದು ಮಗುವನ್ನು ಉಳಿಸುವ ಶಸ್ತ್ರಚಿಕಿತ್ಸೆಯನ್ನು ಅವರೇ ಆರಿಸಿಕೊಂಡರು. ಇನ್ನೂ ಗರ್ಭ ನಿಲ್ಲದ ಒಬ್ಬಾಕೆಗೆ ಆ ಸಂತಳ ಚಿತ್ರ ತೋರಿಸಿ ಸಾವಿನ ಕಡೆ ತಳ್ಳುವುದು ಭಕ್ತಿಯಲ್ಲ. ಮಕ್ಕಳಿಲ್ಲದಿದ್ದರೂ ವಿವಾಹದ ಬೆಲೆ ಕುಂದುವುದಿಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಬೋಧಿಸಿದೆ. 'ದತ್ತು ತೆಗೆದುಕೊಳ್ಳಿ' ಎಂದು ಸುಲಭವಾಗಿ ಹೇಳುವವರೂ ತಿಳಿದಿರಲಿ, ನಮ್ಮ ದೇಶದ ದತ್ತು ನಿಯಮಗಳು ಪ್ರಾಣಾಪಾಯದ ಕಾಯಿಲೆ ಇಲ್ಲದವರನ್ನೇ ಪೋಷಕರಾಗಿ ಒಪ್ಪುತ್ತವೆ. ಆ ದಾರಿಯೂ ಈ ದಂಪತಿಗಳಿಗೆ ಸಲೀಸಲ್ಲ.

ಕೊನೆಗೆ ಮನೆಯೊಳಗಿನ ಕೆಲವು ವಿಷಯಗಳು. ಬಸುರಿಗೆ ಹುಳಿ ಬೇಕೆಂದು ಚಕ್ಕೋತ ತಂದುಕೊಡುವ ಪ್ರೀತಿ ನಮ್ಮಲ್ಲಿದೆ. ಚಕ್ಕೋತ ಟ್ಯಾಕ್ರೋಲಿಮಸ್ ಮಟ್ಟವನ್ನು ವಿಪರೀತ ಏರಿಸಿ ಮೂತ್ರಪಿಂಡಕ್ಕೆ ಕೇಡು ಮಾಡಬಹುದು. ರೋಗನಿರೋಧಕ ಶಕ್ತಿ ಹೆಚ್ಚಲೆಂದು ಕೊಡುವ ಅಮೃತಬಳ್ಳಿಯ ಕಷಾಯ ಮೊದಲಾದವು ಬೇಡವೇ ಬೇಡ; ಈ ಮನೆಯಲ್ಲಿ ಆ ಶಕ್ತಿ ತಗ್ಗಿರಬೇಕೆಂದೇ ಇಷ್ಟೆಲ್ಲ ಔಷಧ. ಬಾಣಂತಿಯ ಮಂಚದಡಿ ಕೆಂಡವಿಡುವುದು, ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಹಾಕುವುದು ಇವನ್ನೂ ಕೈಬಿಡಬೇಕು. ನಮ್ಮ ಧೂಪಾರತಿಯ ಹೊಗೆಯೂ ಇದಕ್ಕೆ ಹೊರತಲ್ಲ. ಮಹೋತ್ಸವದ ದಿನ ಆಕೆ ಹಿಂದಿನ ಬಾಗಿಲ ಬಳಿ ಕುಳಿತರೆ, ಅಥವಾ ಜನಜಂಗುಳಿಯಿಲ್ಲದ ವಾರದ ಪೂಜೆಗೆ ಬಂದರೆ, ಯಾರೂ ತಪ್ಪು ತಿಳಿಯಬಾರದು.

ಹೆರಿಗೆಯಾದ ಕೂಡಲೇ ಅಪಾಯ ಕಳೆಯಿತೆಂದು ಎಚ್ಚರ ತಪ್ಪಬಾರದು. ಹೆತ್ತ ಮೇಲೆ ರಕ್ತದ ಪ್ರಮಾಣ ಮೊದಲಿನ ಸ್ಥಿತಿಗೆ ಮರಳುವಾಗ ಔಷಧದ ಮಟ್ಟ ಏರುತ್ತದೆ. ಗರ್ಭದಲ್ಲಿ ಹೆಚ್ಚಿಸಿದ ಪ್ರಮಾಣವನ್ನು ಮತ್ತೆ ಇಳಿಸಬೇಕು. ರಾತ್ರಿಯಿಡೀ ಅಳುವ ಮಗುವಿನ ಗಲಾಟೆಯಲ್ಲಿ ತಾಯಿ ಮಾತ್ರೆ ಮರೆಯುವುದೂ ಈ ದಿನಗಳಲ್ಲೇ. ಆಕೆಯ ಮಾತ್ರೆಯ ಗಂಟೆಯನ್ನು ನೆನಪಿಡುವ ಹೊಣೆಯನ್ನು ಗಂಡ ಹೊತ್ತರೆ ಒಳ್ಳೆಯದು. ಮೊದಲೆಲ್ಲ ಹಾಲುಣಿಸಬಾರದೆಂದು ಹೇಳುತ್ತಿದ್ದರು. ಟ್ಯಾಕ್ರೋಲಿಮಸ್, ಅಜಥಯೋಪ್ರಿನ್ ಹಾಲಿಗೆ ಸೇರುವುದು ತೀರ ಅಲ್ಪವಾದ್ದರಿಂದ ಈಗ ಅನೇಕ ವೈದ್ಯರು ಒಪ್ಪುತ್ತಾರೆ. ಮೈಕೋಫೆನೊಲೇಟ್‌ಗೆ ಮರಳಿದರೆ ಹಾಲು ಕೊಡುವಂತಿಲ್ಲ. ಮಗುವಿನ ಲಸಿಕೆಯನ್ನು ತಪ್ಪಿಸಬಾರದು, ಆದರೆ ಬಾಯಿಗೆ ಹಾಕುವ ಪೋಲಿಯೋ ಹನಿಯಲ್ಲಿ ಜೀವಂತ ವೈರಸ್ಸಿರುತ್ತದೆ, ಅದು ಮಗುವಿನ ಮಲದಲ್ಲಿ ಹೊರಬರುತ್ತದೆ. ಹನಿ ಹಾಕಿಸುವ ಮೊದಲು, ಮನೆಯಲ್ಲಿ ಅಂಗ ಕಸಿಯಾದ ತಾಯಿ ಇದ್ದಾಳೆಂದು ಮಕ್ಕಳ ವೈದ್ಯರಿಗೂ ಮನೆಗೆ ಬರುವ ಆಶಾ ಕಾರ್ಯಕರ್ತೆಗೂ ತಿಳಿಸಿ. ಪೋಲಿಯೋಗೆ ಚುಚ್ಚುಮದ್ದಿನ ಲಸಿಕೆಯೂ ಇದೆ. ಯಾವುದನ್ನು ಕೊಡಿಸಬೇಕೆಂದು ಅವರು ಹೇಳುತ್ತಾರೆ.